ಹೊಸ ಕಾರಿನ ಮುಂದೆ ಆಡದ ಮಾತು

“ಮೇಷ್ಟ್ರೇ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ನಮ್ಮ ಕೆಲಸ ಮುಗಿಯಿತಲ್ಲವೇ?” ಎಂದು ಮಂದಾಕಿನಿ ಕೇಳಿದಳು.

ಮೇಷ್ಟ್ರು ಎಂದರೆ ಚನ್ನವೀರಯ್ಯನವರು. ಸಾರಿಗೆ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತು ವರ್ಷಗಳಿಂದ ವಾಹನಗಳಿಗೆ ವಿಮೆ ಮಾಡಿಸಿಕೊಡುತ್ತಿದ್ದರು. ಮಂದಾಕಿನಿ ಅವರ ಬಳಿ ಕೆಲಸ ಕಲಿಯಲು ಬಂದು ಎರಡು ವರ್ಷವಾಗಿತ್ತು. ಪರೀಕ್ಷೆ ಪಾಸು ಮಾಡಿದ್ದಳು, ನಿಯಮಗಳೆಲ್ಲ ಬಾಯಿಪಾಠ. ಮುಂದಿನ ಸೋಮವಾರ ಪಕ್ಕದ ಊರಿನಲ್ಲಿ ತನ್ನದೇ ಮೇಜು ಹಾಕುವವಳಿದ್ದಳು. ಆ ಬೆಳಿಗ್ಗೆ ಒಬ್ಬ ಚಾಲಕ ಒಂದು ಕೇಳಿದರೆ ಮೇಷ್ಟ್ರು ಮೂರು ಹೇಳಿ, ಹಿಂದೆ ನಿಂತವರೆಲ್ಲ ಗೊಣಗುವಂತೆ ಮಾಡಿದ್ದರು. ಅದನ್ನು ನೋಡಿಯೇ ಅವಳು ಹೀಗೆ ಕೇಳಿದ್ದು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಕೂತ್ಕೋಮ್ಮ, ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಪೇಟೆಯಲ್ಲಿ ಒಬ್ಬ ವಿಮೆಯವನಿದ್ದ. ಬಲು ಚುರುಕು, ಥೇಟ್ ನಿನ್ನ ಹಾಗೆ. ಪ್ರಶ್ನೆ ಪೂರ್ತಿ ಆಗುವ ಮೊದಲೇ ಉತ್ತರ ಸಿದ್ಧ. ನಿಲ್ಲಿಸಿದ ಕಾರಿನ ಮೇಲೆ ಕೊಂಬೆ ಮುರಿದು ಬಿದ್ದರೆ? ಪೂರ್ತಿ ವಿಮೆ ಇದ್ದರೆ ಸಿಗುತ್ತದೆ, ಬರೀ ಥರ್ಡ್ ಪಾರ್ಟಿ ಆದರೆ ಇಲ್ಲ. ಭಾವಮೈದ ಓಡಿಸಿದರೆ? ಲೈಸೆನ್ಸ್ ಇದ್ದರೆ ಚಿಂತೆಯಿಲ್ಲ, ಇಲ್ಲದಿದ್ದರೆ ಅವನ ಕೈಗೆ ಕೀಲಿ ಕೊಡಬೇಡ. ಮಳೆನೀರಿನಲ್ಲಿ ಗಾಡಿ ನಿಂತುಹೋದರೆ? ಮತ್ತೆ ಸ್ಟಾರ್ಟ್ ಮಾಡಬೇಡ, ಎಳೆಸಿಕೊಂಡು ಹೋಗು. ಕೇಳಿದ್ದಕ್ಕೆ ಉತ್ತರ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ‘ಅವನ ಹತ್ತಿರ ಹೋದರೆ ನಿಂತ ನಿಲುವಿನಲ್ಲೇ ಕೆಲಸವಾಗುತ್ತದೆ’ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಅವನಿಗೂ ಸ್ವಲ್ಪ ಜಂಬ ಬಂದಿತ್ತು. ಬರಲಿ ಬಿಡು, ಯಾರಿಗೆ ಬರುವುದಿಲ್ಲ.

ಒಂದು ದಿನ ಒಬ್ಬ ವ್ಯಾಪಾರಿ ವಿಮೆಯ ಕಾಗದ ಇಸಿದುಕೊಳ್ಳಲು ಬಂದ. ಹೊಸ ಕಾರು. ಪೂಜೆ ಮುಗಿಸಿಕೊಂಡು ದೇವಸ್ಥಾನದಿಂದ ನೇರ ಬಂದಿದ್ದ. ಬಾನೆಟ್ಟಿನ ಮೇಲೆ ಕುಂಕುಮ, ಮುಂದೆ ಹೂವಿನ ಹಾರ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮಡಿಲಲ್ಲಿ ಪ್ರಸಾದದ ತಟ್ಟೆ ಇಟ್ಟುಕೊಂಡು ಕೂತಿದ್ದಳು.

ವ್ಯಾಪಾರಿ ಕೇಳಿದ: “ಎಲ್ಲಾದರೂ ಗಾಡಿಗೆ ಪೆಟ್ಟು ಬಿದ್ದರೆ ನಾನೇನು ಮಾಡಬೇಕು?”

“ಗಾಡಿ ಕದಲಿಸಬೇಡಿ” ಎಂದ ವಿಮೆಯವನು. “ಇದ್ದ ಹಾಗೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ನನಗೆ ಫೋನ್ ಮಾಡಿ. ನಾನು ಹೇಳುವ ತನಕ ನಿಂತಲ್ಲೇ ಇರಲಿ. ಹಾಗೇನಾದರೂ ಮನುಷ್ಯರಿಗೆ...”

“ಬಿಡ್ತು ಅನ್ನಿ” ಎಂದಳು ಹೆಂಡತಿ ಒಳಗಿನಿಂದ. “ಈಗಷ್ಟೇ ಪೂಜೆ ಮಾಡಿಸಿಕೊಂಡು ಬಂದಿದ್ದೇವೆ. ಇಂಥ ದಿನ ಅಂಥ ಮಾತು ಆಡಬಾರದು.”

ವಿಮೆಯವನು ನಾಲಿಗೆ ಕಚ್ಚಿಕೊಂಡ. ಹಾರ ಹಾಕಿದ ಗಾಡಿಯ ಮುಂದೆ ರಕ್ತದ ಮಾತು ನಮ್ಮಲ್ಲಿ ಯಾರಿಗೆ ಹಿಡಿಸುತ್ತದೆ? ಅವನಿಗೂ ಹಿಡಿಸಲಿಲ್ಲ. ಅಲ್ಲದೆ ಅವರು ಕೇಳಿದ್ದು ಗಾಡಿಯ ವಿಷಯ. ಅದಕ್ಕೆ ಉತ್ತರ ಕೊಟ್ಟಾಗಿತ್ತು. “ಬಿಡ್ತು” ಎಂದ. ಆಕೆ ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ, ಮುಂದಿನವನನ್ನು ಕರೆದ.

ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ವಿಮೆಯವನು ಸ್ನಾನ ಮಾಡಿ, ದೇವರ ಮುಂದೆ ಕೂತು, ನಿಧಾನವಾಗಿ ಎದ್ದು ಬಂದು ಫೋನ್ ನೋಡಿದ. ವ್ಯಾಪಾರಿ ಒಂಬತ್ತು ಸಲ ಕರೆ ಮಾಡಿದ್ದ. ಮೊದಲನೆಯದು ಬಂದು ಹತ್ತಿರ ಹತ್ತಿರ ಒಂದು ಗಂಟೆಯಾಗಿತ್ತು. ವಿಮೆಯವನು ತಿರುಗಿ ಕರೆ ಮಾಡಿದ.

“ನೀವು ಹೇಳಿದ ಹಾಗೇ ಮಾಡಿದ್ದೇನೆ ಸ್ವಾಮಿ” ಎಂದ ವ್ಯಾಪಾರಿ. “ಎಲ್ಲರೂ ಬಯ್ಯುತ್ತಿದ್ದಾರೆ, ಆದರೂ ಗಾಡಿ ಕದಲಿಸಿಲ್ಲ. ಒಬ್ಬ ಬುಟ್ಟಿ ಹೆಣೆಯುವವನು, ಬಿದಿರು ಹೊತ್ತುಕೊಂಡು ತಿರುವಿನಲ್ಲಿ ಎದುರಾದ. ಚಕ್ರ ಅವನ ಪಾದದ ಮೇಲೆ ಹೋಯಿತು. ಆಂಬುಲೆನ್ಸ್ ದೂರದಿಂದ ಬರಬೇಕಂತೆ, ಇಲ್ಲಿ ಬೇರೆ ಗಾಡಿಯೂ ಇಲ್ಲ. ಗಾಡಿ ಕದಲಿಸಿದರೆ ವಿಮೆ ಕೆಟ್ಟು ಪಾಪ ಇವನಿಗೂ ಏನೂ ಸಿಗದೆ ಹೋಗುತ್ತದಲ್ಲ ಅಂತ ಕಾಯುತ್ತಿದ್ದೇನೆ.”

“ಎತ್ತಿ ಹಾಕಿಕೊಂಡು ಹೋಗಿ” ಎಂದು ವಿಮೆಯವನು ಕೂಗಿದ. “ಗಾಡಿ ಹಾಳಾಗಿ ಹೋಗಲಿ, ಈಗಿಂದೀಗಲೇ ಹೋಗಿ.”

ವ್ಯಾಪಾರಿ ಹೋದ. ವಿಮೆಯವನು ಒದ್ದೆ ತಲೆಯಲ್ಲೇ ಬೈಕು ಹತ್ತಿ ಆಸ್ಪತ್ರೆಗೆ ಬಂದ. ಇನ್ನೊಂದು ಗಂಟೆ ಮೊದಲು ತಂದಿದ್ದರೆ ಪಾದ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವನೇ ಕಿವಿಯಾರೆ ಕೇಳಿಸಿಕೊಂಡ. ವ್ಯಾಪಾರಿ ಗೋಡೆಗೆ ಹಣೆ ಇಟ್ಟು ಅತ್ತ. ಕೆಟ್ಟವನಲ್ಲಮ್ಮ ಅವನು. ಕೆಟ್ಟವನಾಗಿದ್ದರೆ ಗಾಡಿ ಅಲ್ಲೇ ಬಿಟ್ಟು ಆಗಲೇ ಓಡಿಹೋಗುತ್ತಿದ್ದ, ಊರವರು ಹೇಗೋ ಹೊತ್ತುಕೊಂಡು ಹೋಗುತ್ತಿದ್ದರು.

ಬುಟ್ಟಿ ಹೆಣೆಯುವವರನ್ನು ನೀನು ನೋಡಿದ್ದೀಯಲ್ಲ. ನೆಲದ ಮೇಲೆ ಕೂತು, ಬುಟ್ಟಿಯ ಬುಡವನ್ನು ಪಾದದಿಂದ ಒತ್ತಿ ಹಿಡಿದು, ಕೈಯಿಂದ ಬಿದಿರಿನ ಸೀಳು ತೂರಿಸುತ್ತಾರೆ. ಪಾದ ಬಿಗಿಯಾಗಿ ಕೂರದಿದ್ದರೆ ಬುಡ ತಿರುಗುತ್ತದೆ, ಬುಟ್ಟಿ ಸಡಿಲ ಬೀಳುತ್ತದೆ. ಎರಡು ಕೈ ನೆಟ್ಟಗಿದ್ದೂ ಆ ಮನುಷ್ಯನ ಕಸುಬು ಹೋಯಿತು.

ಪರಿಹಾರಕ್ಕೆ ವಿಮೆಯವನೇ ಓಡಾಡಿದ. ತನ್ನ ಮೇಜು ಬಿಟ್ಟು ಕೋರ್ಟಿನ ಮೆಟ್ಟಿಲು ಸವೆಸಿದ, ಅರ್ಜಿ ಬರೆಸಿದ, ಸಾಕ್ಷಿಗಳನ್ನು ಕರೆತಂದ. ಗಾಡಿ ಕದಲಿಸಿದ್ದಕ್ಕೂ ಆ ಪರಿಹಾರಕ್ಕೂ ಸಂಬಂಧವೇ ಇರಲಿಲ್ಲ. ಬುಟ್ಟಿಯವನಿಗೆ ಬರಬೇಕಾದದ್ದು ಬಂತು.

ಆದೇಶ ಬಂದ ದಿನ ವಿಮೆಯವನು ಕಾಗದ ಹಿಡಿದು ಅವನ ಮನೆಗೆ ಹೋದ. ಬುಟ್ಟಿಯವನು ಅಂಗಳದಲ್ಲಿ ಕೂತು ಎಡಪಾದ ಒಂದರಿಂದಲೇ ಬುಡ ಒತ್ತಿ ಹೆಣೆಯಲು ನೋಡುತ್ತಿದ್ದ. ಬುಡ ತಿರುಗಿಕೊಂಡು ಹೋಗುತ್ತಿತ್ತು. ಹೆಂಡತಿ ಬಂದು ಹಿಡಿದುಕೊಂಡಳು. ಅವನು ಕೆಲಸ ಬದಿಗಿಟ್ಟು ಬಂದವರಿಗೆ ಚಾಪೆ ಹಾಕಿಸಿದ, ಕಾಗದವನ್ನು ಎರಡೂ ಕೈಯಿಂದ ತೆಗೆದುಕೊಂಡ. ಆಮೇಲೆ ಸಂಕೋಚದಿಂದ ಕೇಳಿದ:

“ಸ್ವಾಮಿ, ನೀವು ತಿಳಿದವರು. ಯಾವುದು ಕೇಳಿದರೂ ಹೇಳುತ್ತೀರಂತೆ. ಆ ಸಾವುಕಾರರು ಒಳ್ಳೆಯವರು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದರು. ಅವರ ಗಾಡಿಯ ಇಂಜಿನ್ ಆಡುತ್ತಲೇ ಇತ್ತು, ಅದರ ಸದ್ದು ನನಗೆ ಕೇಳಿಸುತ್ತಿತ್ತು. ಆದರೂ ಯಾಕೆ ಕದಲಿಸಬಾರದು ಅಂದರು?”

ವಿಮೆಯವನಿಗೆ ಹೇಳಲು ಇದ್ದದ್ದು ಇಷ್ಟೇ: ಹಾಗೆಂದು ಅವರಿಗೆ ನಾನೇ ಹೇಳಿದ್ದೆ. ಅಷ್ಟನ್ನು ಹೇಳಿಬಿಡಬೇಕೆಂದು ಬಂದಿದ್ದ, ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೇ ಬಂದಿದ್ದ. ಕಾಲು ಮುಟ್ಟಲು ಬಗ್ಗಿದ. ಬಗ್ಗಿದವನ ಕಣ್ಣು ಬಟ್ಟೆ ಸುತ್ತಿದ ಆ ಮೋಟಿನ ಮೇಲೆ ಬಿತ್ತು, ಕೈ ಅಲ್ಲೇ ನಿಂತಿತು.

“ನನ್ನಿಂದ ತಪ್ಪಾಯಿತಪ್ಪ” ಎಂದ ಕೊನೆಗೆ.

ಬುಟ್ಟಿಯವನಿಗೆ ಗಾಬರಿಯಾಯಿತು. ಗಡಬಡಿಸಿ ಅವನ ಕೈ ಹಿಡಿದುಕೊಂಡ. “ಹಾಗನ್ನಬೇಡಿ ಸ್ವಾಮಿ. ನಮಗೆ ಪರಿಹಾರ ಕೊಡಿಸಿದವರು ನೀವು. ನೀವೇನು ತಪ್ಪು ಮಾಡಿದಿರಿ?”

ವಿಮೆಯವನು ಆ ಪೂಜೆಯ ದಿನ ಆಡಿದ ಮಾತನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡ. ಗಾಡಿ ಕದಲಿಸಬೇಡಿ, ಫೋಟೊ ತೆಗೆಯಿರಿ, ಫೋನ್ ಮಾಡಿ. ಯಾವುದನ್ನು ಎತ್ತಿ ತೋರಿಸುವುದು? ಬುಟ್ಟಿಯವನ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದಳು. ಅದನ್ನು ಕುಡಿದ, ಎದ್ದ, ಮನೆಗೆ ಬಂದ.

ಚನ್ನವೀರಯ್ಯನವರು ಕತೆ ನಿಲ್ಲಿಸಿದರು. ಮೇಜಿನ ಮುಂದೆ ಒಬ್ಬ ಟ್ಯಾಕ್ಸಿಯವನು ಹಳೆಯ ಪಾಲಿಸಿ ಹಿಡಿದು ಕಾಯುತ್ತಿದ್ದ. ಮಂದಾಕಿನಿ ಅವನಿಗೆ ಸ್ವಲ್ಪ ಇರಿ ಎಂದು ಕೈಸನ್ನೆ ಮಾಡಿದಳು. ಅವಳಿಗೆ ಒಂದು ವಿಷಯ ಇನ್ನೂ ಕೊರೆಯುತ್ತಿತ್ತು.

“ಆದರೆ ಮೇಷ್ಟ್ರೇ, ಗಾಡಿಗೆ ಪೆಟ್ಟು ಬಿದ್ದರೆ ಕದಲಿಸಬೇಡಿ ಎಂದು ನಾವೂ ಹೇಳುತ್ತೇವೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲವಲ್ಲ?”

“ತಪ್ಪು ಹೇಳಿದ್ದರೆ ಕ್ಷಮೆಯಾದರೂ ಸಿಗುತ್ತಿತ್ತಮ್ಮ, ಅವನು ಹೇಳಿದ್ದೆಲ್ಲ ಸರಿಯಾಗಿತ್ತು” ಎಂದರು ಮೇಷ್ಟ್ರು.