ದ್ಯಾವಮ್ಮನ ಪುದೀನ ಮಂತ್ರ

ಒಂದು ಸೀಮೆ. ಆ ಸೀಮೆಗೊಬ್ಬ ರಾಜ, ರಾಜನಿಗೊಬ್ಬಳು ತಾಯಿ, ತಾಯಿಗೊಂದು ನಾಲಿಗೆ. ನಗಬೇಡಿ ಮಕ್ಕಳೇ, ಈ ಕಥೆ ಹುಟ್ಟಿದ್ದೇ ಆ ನಾಲಿಗೆಯಿಂದ. ಸೀಮೆಯ ಹೆಸರು ನೆಲಗಂಟೆ, ರಾಜನ ಹೆಸರು ಕೆಂಚರಾಯ.

ಆ ವರ್ಷ ಚಳಿಗಾಲದ ಕೊನೆಗೆ ರಾಜಮಾತೆಗೆ ಜ್ವರ ಬಂತು. ಬಂದ ಜ್ವರ ಹೋಯಿತು, ಹೋಗುವಾಗ ಬಾಯಿರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೋಳಿಗೆ ತಂದರು, ಬೇಡ ಎಂದಳು. ಪಾಯಸ ತಂದರು, ಬೇಡ ಎಂದಳು. ಮೊಸರನ್ನ ತಂದರು, ಗೋಡೆ ಕಡೆ ತಿರುಗಿ ಮಲಗಿದಳು. ಕೊನೆಗೆ ಅಡುಗೆಮನೆಯ ದ್ಯಾವಮ್ಮ ಒಂದು ಬಟ್ಟಲು ತಿಳಿಸಾರು ಮಾಡಿ, ಮೇಲೆ ಒಂದು ಚಿಟಿಕೆ ಕೊತ್ತಂಬರಿ ಸೊಪ್ಪು ಉದುರಿಸಿ ಕಳಿಸಿದಳು. ಆ ಘಮ ಮೂಗಿಗೆ ಬಡಿದದ್ದೇ ತಡ, ಮುದುಕಿ ಎದ್ದು ಕೂತು ಅನ್ನ ಕಲಸಿ ಎಂದಳು.

ಅಷ್ಟರಲ್ಲಿ ಬೇಸಿಗೆ ಬಂತು. ಹಿತ್ತಲೆಲ್ಲ ಒಣಗಿ ಕಡ್ಡಿಯಾಯಿತು. ಹದಿನೈದು ದಿನಕ್ಕೊಮ್ಮೆ ಹೊಳೆಯಾಚೆಯಿಂದ ಒಂದು ಗಾಡಿ ಸೊಪ್ಪು ಬರುತ್ತಿತ್ತು, ಅಷ್ಟೇ. ಮುಂದಿನ ಗಾಡಿ ಬರುವ ತನಕ ಅದನ್ನು ಕೆಡದಂತೆ ಇಡುವುದು ದ್ಯಾವಮ್ಮನ ಕೆಲಸ. ಅಡುಗೆಮನೆಯ ಹಿಂದಿನ ಒಂದು ಕೋಣೆಯಲ್ಲಿ ಅವಳು ಮೂವತ್ತು ವರ್ಷದಿಂದ ಇದ್ದಳು. ಗಂಡ ಇಲ್ಲ, ಬೇರೆ ಮನೆ ಇಲ್ಲ. ಆ ಕೋಣೆಯೇ ಅವಳ ಊರು, ಅವಳ ಕೇರಿ.

ಸಾರು ಮಾಡುವವಳು ದ್ಯಾವಮ್ಮ. ಅದನ್ನು ಹೊತ್ತುಕೊಂಡು ಹೋಗುವವನು ಉಗ್ರಾಣದ ಅಧಿಕಾರಿ ಹೊನ್ನರಸಯ್ಯ. ಅಡುಗೆಮನೆಗೂ ರಾಜಮಾತೆಯ ಕೋಣೆಗೂ ನಡುವೆ ನೂರು ಹೆಜ್ಜೆ. ಆ ನೂರು ಹೆಜ್ಜೆ ದಾಟುವಷ್ಟರಲ್ಲಿ ಸಾರು ಅವನದಾಗಿಬಿಡುತ್ತಿತ್ತು. ಬಿರುಬೇಸಿಗೆಯಲ್ಲಿ ಸೊಪ್ಪನ್ನು ಹಸಿರಾಗಿ ಉಳಿಸಿರುವುದು ತಾನೇ ಎಂದು ರಾಜನೆದುರು ದಿನಾ ಹೇಳಿಕೊಂಡ. ರಾಜ ಖುಷಿಪಟ್ಟ. ಒಂದು ದಿನ ಹೊನ್ನರಸಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸವೆಲ್ಲ ನನ್ನದೇ ಆದ ಮೇಲೆ ಆ ಮುದುಕಿ ಯಾಕೆ, ಕೋಣೆ ಖಾಲಿಯಾದರೆ ಹುಣಿಸೆಹಣ್ಣಾದರೂ ತುಂಬಿಸಬಹುದು ಅಂದ.

ಸುದ್ದಿ ತಿಳಿದು ದ್ಯಾವಮ್ಮ ಸೆರಗು ಹೊದ್ದು ರಾಜನ ಮುಂದೆ ನಿಂತಳು. ಸೊಪ್ಪು ಇಟ್ಟವಳು ನಾನು ಅಂದಳು. ಹೊನ್ನರಸಯ್ಯ, ಅಲ್ಲ, ನಾನು ಅಂದ. ರಾಜ ಒಳ್ಳೆಯವನೇ, ಆದರೆ ಜನ್ಮದಲ್ಲಿ ಅಡುಗೆಮನೆ ಹೊಸ್ತಿಲು ತುಳಿದವನಲ್ಲ. ಯೋಚಿಸಿ ಹೀಗೆ ಹೇಳಿದ: ನಾಳೆ ಗಾಡಿ ಬರುತ್ತದೆ. ಇಬ್ಬರಿಗೂ ಮೂರು ಮೂರು ಬುಟ್ಟಿ. ಒಂದು ಕೊತ್ತಂಬರಿ, ಒಂದು ಕರಿಬೇವು, ಒಂದು ಪುದೀನ. ಹದಿನೈದನೇ ದಿನ ಬಿಚ್ಚಿ ನೋಡುವುದು. ಯಾರದು ಕೆಡುತ್ತದೋ ಅವರು ಅರಮನೆ ಬಿಡುವುದು.

ಹೊನ್ನರಸಯ್ಯನಿಗೆ ಸೊಪ್ಪಿನ ವಿಷಯ ಏನು ಗೊತ್ತು? ತಿನ್ನುವುದು ಗೊತ್ತು. ಉಗ್ರಾಣಕ್ಕೂ ಅಡುಗೆಮನೆಗೂ ನಡುವೆ ಒಂದು ಹಳೇ ಬಾಗಿಲು, ಅದರಲ್ಲಿ ಬೆರಳಗಲದ ಬಿರುಕು. ಅಲ್ಲಿ ಕಣ್ಣಿಟ್ಟ.

ಮೊದಲನೇ ಸಲ ಇಣುಕಿದ. ದ್ಯಾವಮ್ಮ ಕೊತ್ತಂಬರಿಯ ಕೊಳೆತ ಎಲೆ ಆರಿಸಿ ಬಿಸಾಕಿ, ಸೊಪ್ಪು ತೊಳೆಯುತ್ತಿದ್ದಳು. ಅವನು ಊಟಕ್ಕೆ ಹೋಗಿ, ಒಂದು ನಿದ್ದೆ ತೆಗೆದು ಬಂದ. ಆಗ ಅವಳು ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನ ಗಡಿಗೆಯ ಪಕ್ಕದ ತಂಪು ಮರಳಿನಲ್ಲಿ ಇಡುತ್ತಿದ್ದಳು. ಇಷ್ಟೇನಾ ಅಂದುಕೊಂಡ. ನಡುವೆ ಅವಳು ಆ ಸೊಪ್ಪನ್ನು ಪಂಚೆಯ ಮೇಲೆ ಹರವಿ, ನೀರಿನ ಪಸೆ ಪೂರ್ತಿ ಆರುವ ತನಕ ಕಾದಿದ್ದಳು, ಬಟ್ಟೆಯನ್ನೂ ಹನಿ ಉಳಿಯದಂತೆ ಹಿಂಡಿದ್ದಳು. ಅದು ಅವನ ನಿದ್ದೆಯಲ್ಲಿ ನಡೆದದ್ದು. ಅವನು ತೊಟತೊಟ ನೀರು ಸೋರುವ ಸೊಪ್ಪನ್ನೇ ಸುತ್ತಿಟ್ಟ.

ಎರಡನೇ ಸಲ ಇಣುಕಿದ. ಕರಿಬೇವನ್ನು ಮೊರದಲ್ಲಿ ಹರವಿ ಪಡಸಾಲೆಯ ನೆರಳಿನಲ್ಲಿ ಇಟ್ಟಿದ್ದಳು. ಮಾರನೆಯ ದಿನವೂ ನೆರಳು, ಅದರ ಮಾರನೆಯ ದಿನವೂ ನೆರಳು. ದಡ್ಡ ಮುದುಕಿ, ಇಷ್ಟು ಬಿಸಿಲು ಸುಮ್ಮನೆ ಬಿದ್ದಿದೆ ಅಂದುಕೊಂಡು ತನ್ನದನ್ನು ಮಾಳಿಗೆಯ ಮೇಲೆ ಸುರಿದ. ಒಂದೇ ದಿನಕ್ಕೆ ಒಣಗಿತು. ಬಣ್ಣವೂ ಹೋಯಿತು, ಘಮವೂ ಹೋಯಿತು. ಅವನು ಮೂಸಿ ನೋಡಿದ್ದರೆ ತಾನೆ ತಿಳಿಯಲಿಕ್ಕೆ.

ಮೂರನೇ ಸಲ ಇಣುಕಿದ. ಇಲ್ಲೇ ಇರುವುದು ಸ್ವಾರಸ್ಯ, ಸ್ವಲ್ಪ ಹತ್ತಿರ ಬನ್ನಿ. ದ್ಯಾವಮ್ಮ ಒಣಗಿದ ಪುದೀನ ಎಲೆಯೊಂದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಪುಡಿಮಾಡುತ್ತಿದ್ದಳು. ಚರಚರ ಅಂದರೆ ಭರಣಿಗೆ, ಸುಮ್ಮನಿದ್ದರೆ ಇನ್ನೊಂದು ದಿನ ನೆರಳಿಗೆ. ಒಳಗೆ ಪಸೆ ಇದ್ದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ. ಆಗ ಬಾಗಿಲ ಬಿರುಕಿನ ಬೆಳಕು ಮುಚ್ಚಿಹೋದದ್ದು ಅವಳ ಕಣ್ಣಿಗೆ ಬಿತ್ತು. ಓಹೋ, ಅಧಿಕಾರಿಗಳು ದಯಮಾಡಿಸಿದ್ದಾರೆ ಅಂದುಕೊಂಡಳು. ಇನ್ನೊಂದು ಎಲೆಯನ್ನು ತುಟಿಯ ಹತ್ತಿರ ತಂದು, ಕೇಳಿಸುವ ಹಾಗೆ ಮಾತಾಡತೊಡಗಿದಳು.

"ಹಾಲುಗುಂಡಿ ಅತ್ತಿಗೆ, ಮಂಡಿನೋವು ಹೇಗಿದೆ? ಕೆಂದೆಮ್ಮೆ ಕರು ಹಾಕಿತಾ? ಅಳಿಯನ ಮುನಿಸು ಇಳೀತಾ?"

ಒಂದು ಸಲ ಅಂದಳು. ಎರಡು ಸಲ ಅಂದಳು. ಮೂರು ಸಲ ಅಂದು, ಗಂಭೀರವಾಗಿ ಭರಣಿಯ ಬಾಯಿ ಕಟ್ಟಿದಳು.

ಹೊನ್ನರಸಯ್ಯ ಕುಣಿದುಬಿಟ್ಟ. ಗುಟ್ಟು ಸಿಕ್ಕಿತಲ್ಲ. ಅರೆಹಸಿ ಪುದೀನವನ್ನು ಭರಣಿಗೆ ತುರುಕಿ, ಹಾಲುಗುಂಡಿ ಅತ್ತಿಗೆಯನ್ನು ಮೂರು ಸಲ ವಿಚಾರಿಸಿ, ನೆಮ್ಮದಿಯಾಗಿ ಇದ್ದ.

ಹದಿನೈದನೇ ದಿನ ಸಭೆ ಸೇರಿತು. ರಾಜಮಾತೆಯೂ ಪಲ್ಲಕ್ಕಿಯಲ್ಲಿ ಬಂದು ಕೂತಳು. ಒಂದು ಕಡೆಯ ಕೊತ್ತಂಬರಿ ಈಗಷ್ಟೇ ಕಿತ್ತ ಹಾಗಿತ್ತು, ಕರಿಬೇವು ಹಸಿರಾಗಿತ್ತು, ಪುದೀನದ ಭರಣಿ ಬಿಚ್ಚಿದರೆ ಸಭೆಯೆಲ್ಲ ಘಮಘಮ. ಇನ್ನೊಂದು ಕಡೆಯ ಕೊತ್ತಂಬರಿ ಲೋಳೆಯಾಗಿತ್ತು, ಕರಿಬೇವು ಬೀಡಿ ಎಲೆಯ ಹಾಗಿತ್ತು, ಪುದೀನಕ್ಕೆ ಬಿಳೀ ಗಡ್ಡ ಬಂದಿತ್ತು.

ಹೊನ್ನರಸಯ್ಯ ಎರಡೂ ಕಡೆ ನೋಡಿದ. ಆದರೂ ನಾಲಿಗೆ ಸೋಲಲಿಲ್ಲ. ಮುದುಕಿ ಬದಲಾಯಿಸಿದ್ದಾಳೆ, ಚೆನ್ನಾಗಿರುವುದೇ ನನ್ನದು ಅಂದುಬಿಟ್ಟ. ಬುಟ್ಟಿಗಳೂ ಒಂದೇ ಥರ, ಭರಣಿಗಳೂ ಒಂದೇ ಥರ. ರಾಜ ಹಣೆ ಉಜ್ಜಿಕೊಂಡ. ದ್ಯಾವಮ್ಮನ ಕಣ್ಣ ಮುಂದೆ ತನ್ನ ಕೋಣೆಯಲ್ಲಿ ಹುಣಿಸೆಹಣ್ಣಿನ ರಾಶಿ. ಆದರೂ ದನಿ ಎತ್ತಲಿಲ್ಲ.

"ಆಗಲಿ ಬುದ್ಧೀ, ಅವರದೇ ಇರಲಿ. ಹೇಗೆ ಇಟ್ಟರು ಅಂತ ಅವರೇ ಹೇಳಲಿ. ನಾನು ಬಾಯಿ ಬಿಡೋಲ್ಲ."

ಅವನು ಹೇಳಿದ. ತೊಳೆದೆ, ಸುತ್ತಿದೆ, ಒಣಗಿಸಿದೆ. ಅಷ್ಟೇನಾ ಅಂತ ರಾಜ ಕೇಳಿದ. ಅಷ್ಟೇ ಆದರೆ ಎಲ್ಲರೂ ಮಾಡುತ್ತಿದ್ದರು ಪ್ರಭು, ಒಂದು ಮಂತ್ರ ಇದೆ, ನಮ್ಮ ವಂಶದಲ್ಲಿ ಬಂದದ್ದು ಅಂದ. ಹೇಳು ಅಂದರು. ಹೊನ್ನರಸಯ್ಯ ಕಣ್ಣು ಮುಚ್ಚಿ, ಕೈ ಜೋಡಿಸಿ, ಗಂಟಲು ಸರಿಮಾಡಿಕೊಂಡು, ರಾಗವಾಗಿ ಎತ್ತಿದ.

"ಹಾಲುಗುಂಡಿ ಅತ್ತಿಗೇ, ಮಂಡಿನೋವು ಹೇಗಿದೇ..."

ಎಮ್ಮೆ ಕರು ಹಾಕುವಷ್ಟರಲ್ಲಿ ಸಭೆ ನಗಲು ಶುರುಮಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ರಾಜಮಾತೆ. ಜ್ವರ ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಕೆಂಚಾ, ಹಾಲುಗುಂಡಿ ದ್ಯಾವಮ್ಮನ ತವರು ಕಣಪ್ಪ. ಆ ಅತ್ತಿಗೆ ಮಂಡಿನೋವಿನ ಸುದ್ದಿ ನಾನು ಮೂವತ್ತು ವರ್ಷದಿಂದ ಕೇಳ್ತಿದೀನಿ."

ರಾಜ ನಿಧಾನವಾಗಿ ಕೇಳಿದ. "ಹೊನ್ನರಸಯ್ಯ, ನಿನಗೆ ಅಣ್ಣಂದಿರು ಎಷ್ಟು ಜನ?"

"ಒಬ್ಬನೇ ಮಗ, ಪ್ರಭು," ಅಂದ. ಅಣ್ಣನೇ ಇಲ್ಲದವನಿಗೆ ಅತ್ತಿಗೆ ಎಲ್ಲಿಂದ ಬರಬೇಕು ಅಂತ ಅಂದ ಮೇಲೆ ಹೊಳೆಯಿತು.

ಮಾತಿನ ಪ್ರಕಾರ ಅವನು ಅರಮನೆ ಬಿಡಬೇಕು. ಪೇಟ ತೆಗೆದು ಮೆಟ್ಟಿಲ ಮೇಲಿಟ್ಟು ಹೊರಟೇಬಿಟ್ಟ. ಆಗ ದ್ಯಾವಮ್ಮ ಅಡ್ಡ ನಿಂತಳು. ಹೊರಗೆ ಹೋಗಬೇಕಾಗುತ್ತಲ್ಲ ಅಂತ ಹದಿನೈದು ದಿನ ನಾನು ಹೆದರಿದ್ದೀನಿ ಬುದ್ಧೀ, ಆ ಹೆದರಿಕೆ ಇನ್ನೊಬ್ಬರಿಗೆ ಬೇಡ ಅಂದಳು. ನನಗೂ ಬುಟ್ಟಿ ಎತ್ತಲು ಕೈ ಸಾಲದು, ಇವರು ನನ್ನ ಜೊತೆ ಕೂತು ಸೊಪ್ಪು ಆರಿಸಲಿ ಅಂದಳು. ಆಮೇಲೆ ಅವನ ಕಡೆ ತಿರುಗಿದಳು.

"ಬಿರುಕಿನಲ್ಲಿ ಯಾಕೆ ಅಯ್ಯನವರೇ, ಬಾಗಿಲಲ್ಲೇ ಬಂದು ಕೇಳಿದ್ದರೆ ಹೇಳಿಕೊಡ್ತಿರಲಿಲ್ವಾ?"

ಅವನಿಗೆ ಕಣ್ಣು ತುಂಬಿತು. ರಾಜ ಒಪ್ಪಿದ. ಉಗ್ರಾಣದ ಬೀಗದ ಕೈ ದ್ಯಾವಮ್ಮನ ಸೊಂಟಕ್ಕೆ ಬಂತು, ಕೋಣೆ ಅವಳದೇ ಆಗಿ ಉಳಿಯಿತು. ಅವತ್ತು ಸಾರನ್ನು ನೂರು ಹೆಜ್ಜೆ ಅವಳೇ ಹೊತ್ತುಕೊಂಡು ಹೋದಳು. ರಾಜಮಾತೆ ಎರಡನೇ ಸಲ ಬಡಿಸಿಕೊಂಡಳು.

ನೀತಿ ಕೇಳಿ ಮಕ್ಕಳೇ. ಕದ್ದು ನೋಡುವವನಿಗೆ ಇನ್ನೊಬ್ಬರ ಕೈ ಆಡುವುದು ಕಾಣುತ್ತದೆ, ಅವರು ಕಾದದ್ದು ಕಾಣುವುದಿಲ್ಲ. ಆದ್ದರಿಂದ ಇನ್ನೊಬ್ಬರ ಕೆಲಸವನ್ನು ನನ್ನದು ಅನ್ನಬೇಡಿ. ಬರದಿದ್ದರೆ ಎದುರು ಕೂತು ಕೇಳಿ ಕಲಿಯಿರಿ. ಅವರ ಅರಮನೆ ಅಲ್ಲೇ ಇರಲಿ, ನಮ್ಮ ಅಡುಗೆಮನೆ ಇಲ್ಲಿದೆ. ಏಳಿ, ತೊಳೆದ ಸೊಪ್ಪಿನ ನೀರು ಆರಿತಾ ನೋಡೋಣ.