ಮೂರನೆಯ ಉತ್ತರ

ಆ ಕಾಲಕ್ಕೆ ಬುದ್ಧನ ಸೂತ್ರಗಳನ್ನು ಯಾರೂ ಬರೆದಿಡುತ್ತಿರಲಿಲ್ಲ. ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಬಲ್ಲವನ ಬಾಯಿ ಮುಚ್ಚಿತೋ, ಸೂತ್ರವೂ ಮುಗಿಯಿತು, ಅಷ್ಟೇ.

ನದಿ ದಂಡೆಯ ವಿಹಾರದಲ್ಲಿ ಬೋಧಿಗುತ್ತರೆಂಬ ಹಿರಿಯ ಭಿಕ್ಷು ಇದ್ದರು. ಅವರ ಶಿಷ್ಯ ನಂದಿಯ. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೂತು ಒಂದು ಸೂತ್ರ ಪಠಿಸುತ್ತಿದ್ದರು. ಅದರಲ್ಲಿ ಸಾವಿನ ಹಾಸಿಗೆಯಲ್ಲಿದ್ದ ರೋಗಿಯೊಬ್ಬ ಬುದ್ಧನಿಗೆ ಮೂರು ಪ್ರಶ್ನೆ ಕೇಳುತ್ತಾನೆ. ಬುದ್ಧ ಮೂರಕ್ಕೂ ಉತ್ತರ ಕೊಡುತ್ತಾನೆ. ಆ ಸೂತ್ರ ಬಲ್ಲವರು ನಾಡಿನಲ್ಲಿ ಇವರಿಬ್ಬರೇ ಉಳಿದಿದ್ದರು.

ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರೇ ಹೇಳಿ ಒಪ್ಪಿಸಬೇಕೆಂಬ ಕಟ್ಟಳೆ ಇತ್ತು. ಅದನ್ನು ಯಾವತ್ತೋ ಬಿಟ್ಟಿದ್ದರು. ಒಟ್ಟಿಗೆ ಇಷ್ಟು ಚೆನ್ನಾಗಿ ಬರುವಾಗ ಆ ತಾಪತ್ರಯ ಯಾಕೆ, ಹೇಳಿ!

ಒಂದು ದಿನ ನಾಗದತ್ತೆಯೆಂಬ ಭಿಕ್ಷುಣಿ ಬಂದಳು. ಹನ್ನೆರಡು ದಿನ ನಡೆದು ಅವಳ ಕಾಲುಗಳು ಬಾತಿದ್ದವು.

"ನಮ್ಮ ವಿಹಾರದ ಹಿರಿಯಮ್ಮ ಹಾಸಿಗೆ ಹಿಡಿದಿದ್ದಾರೆ ಸ್ವಾಮಿ. ಹೋಗುವ ಮೊದಲು ಆ ಮೂರು ಪ್ರಶ್ನೆಯ ಸೂತ್ರ ಕೇಳಬೇಕು ಅಂತಾರೆ. ನನಗೆ ಕಲಿಸಿಕೊಡಿ."

ಗುರುಗಳಿಗೆ ಶೀತವಾಗಿ ಗಂಟಲು ಕಟ್ಟಿತ್ತು. ಪಿಸುಮಾತಷ್ಟೇ ಹೊರಡುತ್ತಿತ್ತು. ಶಿಷ್ಯನತ್ತ ಕೈ ತೋರಿಸಿ ಒಳಗೆ ಹೋಗಿ ಮಲಗಿದರು.

ನಂದಿಯ ಬೀಗಿದ. "ಅದಕ್ಕೇನಂತೆ ತಾಯಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ."

ಮೊದಲ ಪ್ರಶ್ನೆ, ಉತ್ತರ. ಎರಡನೆಯ ಪ್ರಶ್ನೆ, ಉತ್ತರ. ನಾಗದತ್ತೆ ತುಟಿಯಾಡಿಸುತ್ತಾ ಕಲಿಯುತ್ತಿದ್ದಳು.

"'ಭಗವಾನ್, ಭಯವಾಗುತ್ತಿದೆ. ಏನು ಮಾಡಲಿ?' ಎಂದು ರೋಗಿ ಕೇಳಿದ. ಆಗ ಭಗವಾನರು ಹೇಳಿದರು..."

ನಂದಿಯನ ಮಾತು ನಿಂತಿತು.

"ಏನು ಹೇಳಿದರು?" ಎಂದಳು ನಾಗದತ್ತೆ.

"ಭಗವಾನರು ಹೇಳಿದರು..."

ತೆರೆದ ಬಾಯಿ ತೆರೆದೇ ಇತ್ತು. ಮೊದಲಿಂದ ಶುರು ಮಾಡಿದ. ಮತ್ತೆ ಅಲ್ಲೇ ನಿಂತ. ಅಯ್ಯೋ, ದಿನಾ ಹೇಳಿದ್ದಲ್ಲವೇ ಇದು!

ಒಳಗೆ ಓಡಿದ.

"ಒಂದೇ ಒಂದು ಪದ ಎತ್ತಿಕೊಡಿ ಗುರುಗಳೇ. ಮುಂದಿನದು ತಾನಾಗಿ ಬರುತ್ತೆ."

ಗುರು ಗೋಡೆಯತ್ತ ಹೊರಳಿದರು.

"ಪರೀಕ್ಷೆ ಮಾಡಬೇಡಿ, ನಾನು ಸೋತೆ. ಹೇಳಿಬಿಡಿ."

"ಪರೀಕ್ಷೆ ಅಲ್ಲಪ್ಪ," ಎಂದು ಗುರು ಪಿಸುಗುಟ್ಟಿದರು. "ಅಲ್ಲಿಂದ ಮುಂದಿನದು ನನಗೆ ಮರೆತು ಎರಡು ಮಳೆಗಾಲವಾಯಿತು. ಅಲ್ಲಿ ನಿನ್ನ ದನಿ ಹಿಡಿದು ಬರೀ ಗುನುಗುತ್ತಿದ್ದೆ."

ನಂದಿಯ ಹಾಸಿಗೆಯ ಪಕ್ಕ ಕೂತ.

"ನಾನೂ ನಿಮ್ಮ ದನಿ ಹಿಡಿದು ಗುನುಗುತ್ತಿದ್ದೆನಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಟ್ಟಿಗೆ ಹೇಳಿ ನೋಡಿದರು. ಆ ಜಾಗಕ್ಕೆ ಬಂದಾಗ ಗುರು ಶಿಷ್ಯನಿಗಾಗಿ ಕಾದರು, ಶಿಷ್ಯ ಗುರುವಿಗಾಗಿ ಕಾದ. ಮತ್ತೂ ಒಂದು ಸಲ ಹೇಳಿದರು. ಬರಲಿಲ್ಲ.

ಹೊರಗೆ ನಾಗದತ್ತೆ ಕಲಿತಷ್ಟನ್ನೇ ತಿರುತಿರುಗಿ ಹೇಳಿಕೊಳ್ಳುವುದು ಕೇಳಿಸುತ್ತಿತ್ತು.

"ಗುರುಗಳೇ, ಆ ಜಾಗಕ್ಕೆ ನಾನೇ ನಾಲ್ಕು ಒಳ್ಳೆಯ ಮಾತು ಜೋಡಿಸಿಬಿಡುತ್ತೇನೆ. ಥೇಟ್ ಭಗವಾನರು ಹೇಳಿದ ಹಾಗೇ ಇರುತ್ತೆ. ಯಾರಿಗೆ ಗೊತ್ತಾಗುತ್ತೆ? ಪಾಪ, ಅಲ್ಲೊಂದು ಜೀವ ಕಾಯುತ್ತಿದೆ."

ಗುರು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಬೇಡ. ಹೋಗಿ ಆ ಪ್ರಶ್ನೆ ಕಲಿಸು. ಆಮೇಲೆ, 'ಇಲ್ಲಿ ಭಗವಾನರ ಒಂದು ಮಾತಿತ್ತು, ಬೋಧಿಗುತ್ತನೂ ನಂದಿಯನೂ ಸೇರಿ ಅದನ್ನು ಕಳೆದುಹಾಕಿದರು' ಅಂತ ಕಲಿಸು. ಅಷ್ಟನ್ನೂ ಅವಳು ಒಬ್ಬಳೇ ಹೇಳಿ ಒಪ್ಪಿಸುವ ತನಕ ಕಳಿಸಬೇಡ."