ಏಟಿಗೆ ಕಾದ ಎತ್ತುಗಳು

"ಬೆತ್ತ ಮುಟ್ಟಬಾರದು ಅಂತಾರ, ಕಿವಿ ಹಿಂಡಬಾರದು ಅಂತಾರ. ಹಂಗಾದ್ರ ನಲವತ್ತೆರಡು ಹುಡುಗರನ್ನ ಹೆಂಗ ಸುಮ್ಮನ ಕುಂದ್ರಸಬೇಕ್ರೀ ಅಜ್ಜಾರ?"

ಮೂರನೇ ಇಯತ್ತೆಯ ಮಾಸ್ತರ ಪಂಪಾಪತಿ, ಮಠದ ಕಟ್ಟೆಯ ಮೇಲೆ ಕುಳಿತು, ಊರವರು ಅಜ್ಜ ಎಂದು ಕರೆಯುವ ಗುರುಗಳನ್ನು ಕೇಳಿದ ಪ್ರಶ್ನೆ ಇದು. ಕೇಳಿದ ಎನ್ನುವುದಕ್ಕಿಂತ ಕಿಡಿ ಕಾರಿದ ಎನ್ನಬೇಕು. ಮೇಲಿನವರ ಆಜ್ಞೆಯಂತೆ ಅವನು ಬೆತ್ತ ಕೆಳಗಿಟ್ಟು ಎಂಟು ದಿನವಾಗಿತ್ತು. ಎಂಟು ದಿನವೂ ತರಗತಿ ಸಂತೆಯಾಗಿತ್ತು. ನೌಕರಿ ಹೋದರೂ ಸರಿ, ನಾಳೆ ಮತ್ತೆ ಬೆತ್ತ ಹಿಡಿಯುವುದೆಂದು ನಿಶ್ಚಯಿಸಿಯೇ ಬಂದಿದ್ದ. ಗುರುಗಳಿಂದ ಒಂದು 'ಹೂಂ' ಬೇಕಿತ್ತು, ಅಷ್ಟೇ.

ಅಜ್ಜ ಹೂಂ ಅನ್ನಲಿಲ್ಲ. ಶಿವನಾಮ ನೆನೆದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಲ್ಲಿ ಒಂದು ಜೋಡಿ ಎತ್ತುಗಳಿದ್ದವು. ಕರುಗಳಾಗಿದ್ದಾಗಿನಿಂದ ಅವನು ಅವುಗಳೊಂದಿಗೆ ಮಾತಾಡಿದವನಲ್ಲ. ಹೊರಡಬೇಕೆಂದರೆ ಬಾರುಕೋಲಿನಿಂದ ಒಂದು ಏಟು. ತಿರುಗಬೇಕೆಂದರೆ ಇನ್ನೊಂದು. ಎಂಥ ಪಳಗಿದ ಜೋಡಿ ಎಂದು ಊರೆಲ್ಲ ಹೊಗಳಿತು.

ಒಂದು ವರ್ಷ ಬಿತ್ತನೆಯ ಹೊತ್ತಿಗೆ ಅವನು ಜಾರಿ ಬಿದ್ದು ಬಲಗೈ ಮುರಿದುಕೊಂಡ. ಹೊಲ ಹದಕ್ಕೆ ಬಂದಿತ್ತು. ಹದ ಮೂರು ದಿನ ನಿಂತರೆ ಹೆಚ್ಚು, ಆಮೇಲೆ ನೆಲ ಆರಿದರೆ ಬೀಜ ಮೊಳೆಯುವುದಿಲ್ಲ. ಹೆಂಡತಿ ಬಿತ್ತುವ ಕೂರಿಗೆ ಹಿಡಿದಳು. ಗಂಡ ಎಡಗೈಯಲ್ಲಿ ಬೀಜ ಬಿಡಲು ನಿಂತ. ಅವಳು "ನಡೀರೆಪ್ಪಾ" ಎಂದಳು. ಎತ್ತುಗಳು ಕದಲಲಿಲ್ಲ. ಕೊರಳು ತಗ್ಗಿಸಿ, ಕಣ್ಣು ಮುಚ್ಚಿ ನಿಂತವು.

"ಸೊಕ್ಕು ಬಂದೈತಿ ಅವಕ್ಕ. ಎರಡು ಬಿಗಿ!" ಎಂದು ಗಂಡ ಕೂಗಿದ.

ಅವಳು ಬಾರುಕೋಲು ಎತ್ತಿದಳು. ಹೊಡೆಯುವ ಮೊದಲೇ ಎತ್ತುಗಳ ಬೆನ್ನು ಅದುರಿತು. ಶಿವನೇ ಅವಳ ಕಣ್ಣು ತೆರೆಸಿದನೇನೋ, ಕೋಲನ್ನು ಮೊಣಕಾಲಿಗೆ ಕೊಟ್ಟು ಲಟ್ಟನೆ ಮುರಿದಳು.

"ಸೊಕ್ಕಲ್ಲ, ನಿಮ್ಮ ತಲಿ! ಏಟಿಗೆ ಕಾಯಾಕ ಹತ್ಯಾವ. ಬಡದ ಮ್ಯಾಲೆ ಹೊರಡಬೇಕು ಅಂತ ಕಲಿಸಿದವ್ರು ನೀವ. ಒಂದು ಮಾತರ ಕಲಿಸೀರೇನು ಅವಕ್ಕ?"

ಅವಳು ಮುಂದೆ ಹೋಗಿ ಎತ್ತಿನ ಹೆಗಲ ಡುಬ್ಬದ ಮೇಲೆ ಕೈಯಿಟ್ಟಳು. "ನಡೀರೆಪ್ಪಾ" ಎಂದು ತಾನೇ ಒಂದು ಹೆಜ್ಜೆ ಇಟ್ಟು ನಿಂತಳು. ಅವು ಹೆಜ್ಜೆ ಇಡುವ ತನಕ ಎರಡನೆಯದನ್ನು ಇಡಲಿಲ್ಲ. ಇಟ್ಟಾಗ ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸಿದಳು. ತಪ್ಪಿದಾಗ ಮತ್ತೆ ಅದೇ ಮಾತು, ಅದೇ ದನಿ. ಇಳಿಹೊತ್ತಿಗೆ ಮಾತು ಕೇಳಿ ಎತ್ತುಗಳು ಕದಲಿದವು. ಆಗ ಹಿಂದೆ ಬಂದು ಕೂರಿಗೆ ಹಿಡಿದಳು. ಅಂದು ಬಿತ್ತಿದ್ದು ಎರಡೇ ಸಾಲು. ಮೂರನೆಯ ದಿನ ಮಾತಿಗೇ ತಿರುಗತೊಡಗಿದವು. ಅಷ್ಟರಲ್ಲಿ ಹದ ಮುಗಿದಿತ್ತು. ಅರ್ಧ ಹೊಲ ಬೀಳು ಬಿತ್ತು.

ಅಜ್ಜ ಕತೆ ನಿಲ್ಲಿಸಿದರು. ಪಂಪಾಪತಿ ಸಿಟ್ಟಿನಿಂದ ಎದ್ದು ನಿಂತ.

"ನೋಡ್ರಿ ಮತ್ತ! ನಾ ಹೇಳೋದೂ ಅದನ್ನ. ಅರ್ಧ ಹೊಲ ಹಾಳಾತಲ್ರೀ, ಅದಕ್ಕ ಹೊಣಿ ಯಾರು? ಕೋಲು ಮುರದಾಕಿನ ಅಲ್ಲೇನು?"

ಎಂದೂ ದನಿ ಏರಿಸದ ಅಜ್ಜ ಅಂದು ಏರಿಸಿದರು. ಅವರು ಅಂದದ್ದು ಒಂದೇ ಮಾತು.

"ಅಲ್ಲೋ ತಮ್ಮಾ, ಅವಕ್ಕ ಕೋಲಷ್ಟ ಕಲಿಸಿದಾತ!"